ಪಕ್ಷಕ್ಕೆ ಸೇರದೆ ಮತದಾರರ ನಡುವೆ ಕೆಲಸ ಮಾಡುವುದು ಹೇಗೆ?

ಓದುಗರ ಪ್ರಶ್ನೆ: ನಾನು ಯಾವ ಪಕ್ಷದವಳೂ ಅಲ್ಲ. ವಾರಕ್ಕೆ ಮೂರ್ನಾಲ್ಕು ಗಂಟೆ ಬಿಡುವಿದೆ. ನಮ್ಮೂರಿನ ಮತದಾರ ಜಾಗೃತಿ ಗುಂಪಿಗೆ ಸ್ವಯಂಸೇವಕಿಯಾಗಿ ಸೇರಬೇಕೆಂದಿದ್ದೇನೆ. ಅಲ್ಲಿ ನಿಜವಾಗಿ ಏನು ಕೆಲಸ ಇರುತ್ತದೆ? ಏನನ್ನು ಮಾಡಬಾರದು?

ಉತ್ತರ: ಬ್ಯಾನರು, ಜಾಥಾ, ಬೀದಿನಾಟಕ ಎಲ್ಲ ಇರುತ್ತವೆ, ಫೋಟೊಗಳೂ ಚೆನ್ನಾಗಿ ಬರುತ್ತವೆ. ಆದರೆ ಒಬ್ಬ ಸ್ವಯಂಸೇವಕಿಯ ಮೂರು ಗಂಟೆಗೆ ಅತಿ ಹೆಚ್ಚು ಫಲ ಸಿಗುವುದು ಮತದಾರರ ಪಟ್ಟಿಯ ಕೆಲಸದಲ್ಲಿ. ಮತಗಟ್ಟೆಯ ಬಾಗಿಲಿಗೆ ಬಂದು 'ಹೆಸರಿಲ್ಲ' ಎನ್ನಿಸಿಕೊಂಡವರಿಗೆ ಅಂದು ಯಾರೂ ಏನೂ ಮಾಡಲಾರರು. ಕಾನೂನಿನ ಪ್ರಕಾರ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಸೇರ್ಪಡೆಯೂ ಇಲ್ಲ, ತಿದ್ದುಪಡಿಯೂ ಇಲ್ಲ. ಅರ್ಜಿ ಬಂದ ಮೇಲೆ ಆಕ್ಷೇಪಣೆಗೆಂದು 7 ದಿನ ಕಾಯಬೇಕು. ಹಾಗಾಗಿ ಆ ಕೊನೆಯ ದಿನಕ್ಕೆ 10 ದಿನ ಮೊದಲಾದರೂ ಅರ್ಜಿ ಹೋಗಿರಬೇಕು. ದಿನಾಂಕ ಪ್ರಕಟವಾದ ಮೇಲೆ ಎಚ್ಚೆತ್ತುಕೊಳ್ಳುವ ಗುಂಪಿಗೆ ಉಳಿಯುವುದು ಜಾಥಾ ಮಾತ್ರ.

ಪಟ್ಟಿಯ ಕೆಲಸವೆಂದರೆ ಹೀಗೆ: ವಾರಾಂತ್ಯದಲ್ಲಿ ಒಂದು ಬೀದಿಯಲ್ಲೋ ಅಪಾರ್ಟ್‌ಮೆಂಟಿನಲ್ಲೋ ಮೇಜು ಹಾಕಿ, ಬಂದವರು ತಮ್ಮದೇ ಫೋನಿನಲ್ಲಿ ಚುನಾವಣಾ ಆಯೋಗದ ಪೋರ್ಟಲ್ ತೆರೆದು ಹೆಸರು ಹುಡುಕಲು ನೆರವಾಗುವುದು. ಹೆಸರು ಹಾಕಿ ಹುಡುಕಿದರೆ ಅನೇಕರಿಗೆ 'ದಾಖಲೆ ಇಲ್ಲ' ಎಂಬ ಉತ್ತರ ಬರುತ್ತದೆ. ಕಾರಣ ಇನಿಷಿಯಲ್ ಹಿಂದೆ ಮುಂದೆ ಆಗಿರುತ್ತದೆ, ಇಲ್ಲವೇ ಇಂಗ್ಲಿಷಿನಿಂದ ಕನ್ನಡಕ್ಕೆ ತಾನೇ ತಾನಾಗಿ ಬದಲಾದ ಅಕ್ಷರಗಳಲ್ಲಿ ಹೆಸರು ಕೆಟ್ಟಿರುತ್ತದೆ. ಆದ್ದರಿಂದ ಮೊದಲು ಎಪಿಕ್ ಸಂಖ್ಯೆಯಿಂದಲೇ, ಅಂದರೆ ಮತದಾರರ ಗುರುತಿನ ಕಾರ್ಡಿನ ಸಂಖ್ಯೆಯಿಂದಲೇ ಹುಡುಕಿಸಿ. ಸಿಕ್ಕರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ಬರೆದಿಟ್ಟುಕೊಳ್ಳಲು ಹೇಳಿ. ಕಾರ್ಡು ಕೈಯಲ್ಲಿದೆ ಎಂದ ಮಾತ್ರಕ್ಕೆ ಪಟ್ಟಿಯಲ್ಲಿ ಹೆಸರಿದೆ ಎಂದಲ್ಲ. ಜನ ಎಡವುವುದು ಇಲ್ಲೇ. ಹೆಸರು ಪಟ್ಟಿಯಲ್ಲಿದ್ದರೆ ಕಾರ್ಡು ಕಳೆದಿದ್ದರೂ ಆಯೋಗ ಒಪ್ಪುವ ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಪ್ಯಾನ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಇತ್ಯಾದಿ ಬದಲಿ ದಾಖಲೆಗಳಲ್ಲಿ ಒಂದನ್ನು ತೋರಿಸಿ ಮತ ಹಾಕಬಹುದು. ಮನೆಗೆ ಬರುವ ಮತದಾರರ ಮಾಹಿತಿ ಚೀಟಿ ಮಾತ್ರ 2019ರಿಂದ ಗುರುತಿನ ದಾಖಲೆಯಲ್ಲ.

ಇನ್ನು ನಮೂನೆಗಳು. ನಮೂನೆ 6 ಹೊಸದಾಗಿ ಸೇರುವವರಿಗೆ, 7 ಹೆಸರು ತೆಗೆಸಲು ಅಥವಾ ಆಕ್ಷೇಪಿಸಲು, 8 ವಿಳಾಸ ಬದಲಾವಣೆ, ತಿದ್ದುಪಡಿ, ಬದಲಿ ಕಾರ್ಡು ಮತ್ತು ಅಂಗವೈಕಲ್ಯದ ನಮೂದಿಗೆ. ಅತಿ ಹೆಚ್ಚು ತಪ್ಪು ನಡೆಯುವುದು 6 ಮತ್ತು 8ರ ನಡುವೆ. ಮದುವೆಯಾಗಿ ಬೇರೆ ಊರಿಗೆ ಹೋದವರು, ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು ಹಳೆಯ ಹೆಸರನ್ನು ಹಾಗೆಯೇ ಬಿಟ್ಟು ಹೊಸ ಊರಿನಲ್ಲಿ ನಮೂನೆ 6 ತುಂಬುತ್ತಾರೆ. ಬೇರೆಲ್ಲೂ ತನ್ನ ಹೆಸರಿಲ್ಲ ಎಂಬ ಘೋಷಣೆಗೆ ಅದರಲ್ಲಿ ಸಹಿ ಹಾಕಿರುತ್ತಾರೆ. ಎರಡು ಕಡೆ ಹೆಸರಿರುವುದು 1950ರ ಪ್ರಜಾಪ್ರತಿನಿಧಿ ಕಾಯ್ದೆಗೆ ವಿರುದ್ಧ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ 31ನೇ ಕಲಮಿನಡಿ 1 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಇವರು ತುಂಬಬೇಕಾದದ್ದು ನಮೂನೆ 8. ಮೇಜಿನ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆಯೇ 'ಹಿಂದೆ ಎಲ್ಲಾದರೂ ಮತ ಹಾಕಿದ್ದೀರಾ?' ಎಂಬುದು.

ಬಾಡಿಗೆದಾರರದ್ದು ಬೇರೆ ತೊಂದರೆ. ವಿಳಾಸಕ್ಕೆ ಬಾಡಿಗೆ ಕರಾರು ನಡೆಯುತ್ತದೆ, ಆದರೆ ಅದು ನೋಂದಣಿಯಾಗಿರಬೇಕು. ಸ್ಟಾಂಪ್ ಪೇಪರಿನ 11 ತಿಂಗಳ ಕರಾರು ಸಾಮಾನ್ಯವಾಗಿ ಆಗಿರುವುದಿಲ್ಲ. ಯಾವ ದಾಖಲೆಯೂ ಇಲ್ಲದವರಿಗೆ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ ಸ್ಥಳಕ್ಕೆ ಬಂದು ಪರಿಶೀಲಿಸುವ ದಾರಿ ಉಂಟು. ಸೂರಿಲ್ಲದವರ ವಿಷಯದಲ್ಲಿ ಅವರು ಮಲಗುವ ಜಾಗಕ್ಕೆ ಬಿಎಲ್‌ಒ ರಾತ್ರಿ ಬಂದು ನೋಡಬೇಕೆಂಬ ನಿಯಮವೇ ಇದೆ. ಇದನ್ನು ಬಲ್ಲ ಸ್ವಯಂಸೇವಕರು ಕಡಿಮೆ. ಬಲ್ಲವರಿದ್ದರೆ ಎಷ್ಟೋ ಅರ್ಜಿಗಳು ಅರ್ಧದಲ್ಲೇ ನಿಲ್ಲುವುದಿಲ್ಲ. ಇಡೀ ಪಟ್ಟಿಯನ್ನೇ ಹೊಸದಾಗಿ ಪರಿಶೀಲಿಸುವ ವಿಶೇಷ ತೀವ್ರ ಪರಿಷ್ಕರಣೆ ನಡೆಯುವಾಗ ನಮೂನೆ, ದಾಖಲೆ, ಗಡುವು ಬೇರೆಯೇ ಇರುತ್ತವೆ. ಆಗ ಹಳೆಯ ಕರಪತ್ರವನ್ನು ಹಂಚಬೇಡಿ, ಆಯೋಗದ ಆ ಸಲದ ಆದೇಶವನ್ನೇ ಓದಿ.

ಕಾಲೇಜುಗಳಲ್ಲಿ ಕೆಲಸ ಸುಲಭ. 2022ರಿಂದ ಅರ್ಹತಾ ದಿನಾಂಕ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. 17 ದಾಟಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಮೇ ತಿಂಗಳಲ್ಲಿ 18 ತುಂಬುವ ಹುಡುಗಿ ಮುಂದಿನ ಜನವರಿವರೆಗೆ ಕಾಯಬೇಕಿಲ್ಲ, ಜುಲೈ 1ರ ಲೆಕ್ಕಕ್ಕೆ ಬರುತ್ತಾಳೆ.

ಈಗ ಮಾಡಬಾರದ್ದು. ಒಂದೇ ನಿಯಮ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ದಾರಿ ತೋರಿಸಿ, ದಾಖಲೆ ಮುಟ್ಟಬೇಡಿ. ತುಂಬಿದ ಅರ್ಜಿಗಳನ್ನು ಕಟ್ಟು ಕಟ್ಟಿ ಕಚೇರಿಗೆ ಒಯ್ದರೆ ಸ್ವೀಕರಿಸುವುದಿಲ್ಲ; ಸಂಘ ಸಂಸ್ಥೆಗಳಿಂದ ಸಗಟು ಅರ್ಜಿ ಪಡೆಯಬಾರದೆಂದು ಆಯೋಗವೇ ಹೇಳಿದೆ. ಎಪಿಕ್ ಸಂಖ್ಯೆ, ಆಧಾರ್, ಫೋನ್ ನಂಬರುಗಳನ್ನು ಗುಂಪಿನ ಹಾಳೆಯಲ್ಲೋ ವಾಟ್ಸ್‌ಆ್ಯಪಿನಲ್ಲೋ ಸಂಗ್ರಹಿಸಬೇಡಿ, ಒಟಿಪಿ ಕೇಳಲೇಬೇಡಿ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಎದ್ದ ಗದ್ದಲ ನೆನಪಿರಬಹುದು: ಮತದಾರ ಜಾಗೃತಿಗೆಂದು ಅನುಮತಿ ಪಡೆದ ಸಂಸ್ಥೆಯೊಂದರ ಕಡೆಯವರು ಬಿಎಲ್‌ಒಗಳ ಸೋಗಿನಲ್ಲಿ ಮನೆಮನೆಯ ಮಾಹಿತಿ ಸಂಗ್ರಹಿಸಿದರೆಂಬ ಆರೋಪ ಬಂದು, ಪೊಲೀಸ್ ಪ್ರಕರಣ, ಬಂಧನಗಳವರೆಗೆ ಹೋಯಿತು. ಅಂದಿನಿಂದ ಕ್ಲಿಪ್‌ಬೋರ್ಡ್ ಹಿಡಿದು ಗೇಟಿನ ಬಳಿ ನಿಂತವರನ್ನು ಜನ ಅನುಮಾನದಿಂದ ನೋಡಿದರೆ ಅದು ನ್ಯಾಯವೇ. ಕೊರಳಲ್ಲಿ ಗುಂಪಿನ ಹೆಸರು ಸ್ಪಷ್ಟವಾಗಿರಲಿ, ಸರ್ಕಾರಿ ಲಾಂಛನವನ್ನು ಹೋಲುವ ಏನೂ ಬೇಡ. ಎಣಿಕೆ ಬೇಕಿದ್ದರೆ 'ಇಂದು ನಮೂನೆ 8 ತುಂಬಿದವರು ಇಷ್ಟು' ಎಂಬ ಗೀಟುಗಳು ಸಾಕು.

ಪಕ್ಷಾತೀತ ಎನ್ನುವುದು ಮನಸ್ಸಿನ ಮಾತಿಗಿಂತ ಹೆಚ್ಚಾಗಿ ಏರ್ಪಾಡಿನ ಮಾತು. ಅಭ್ಯರ್ಥಿಗಳ ಮಾಹಿತಿ ಹಾಳೆ ಮಾಡುವುದಾದರೆ ಕಣದಲ್ಲಿರುವ ಎಲ್ಲರನ್ನೂ, ಪಕ್ಷೇತರರನ್ನೂ ಸೇರಿಸಿ, ಒಂದೇ ಅಂಕಣಗಳಲ್ಲಿ, ಮತಯಂತ್ರದಲ್ಲಿ ಬರುವ ಕ್ರಮದಲ್ಲಿ ಹಾಕಿ. ಮಾಹಿತಿಯ ಮೂಲ ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರವೇ ಆಗಿರಲಿ. ಆಸ್ತಿ, ಸಾಲ, ವಿದ್ಯಾಭ್ಯಾಸ, ಪ್ರಕರಣ ಎಲ್ಲ ಅದರಲ್ಲಿವೆ. ಪ್ರಕರಣಗಳ ಅಂಕಣದಲ್ಲಿ ಬರೀ ಸಂಖ್ಯೆ ಬರೆದರೆ ಸುಳ್ಳಲ್ಲದ ಸುಳ್ಳಾಗುತ್ತದೆ: ಬಾಕಿ ಇರುವುದು, ಆರೋಪ ನಿಗದಿಯಾದದ್ದು, ಶಿಕ್ಷೆಯಾದದ್ದು ಮೂರನ್ನೂ ಬೇರೆ ಬೇರೆ ತೋರಿಸಿ. ಅಭ್ಯರ್ಥಿಗಳ ಸಂವಾದ ನಡೆಸಿದರೆ ಮಾತಿನ ಸರದಿಗೆ ಚೀಟಿ ಎತ್ತಿ, ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಸಮಯ. ಒಬ್ಬರೇ ಬಂದರೆ ಕಾರ್ಯಕ್ರಮ ರದ್ದು ಮಾಡುವುದು ಮೇಲು. ನಡೆಸಿದರೆ ಅದು ಪ್ರಚಾರ ಸಭೆಯಾಗುತ್ತದೆ. ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಸಭೆಗೂ ಮೈಕಿಗೂ ಅನುಮತಿ ಮೊದಲೇ ಪಡೆಯಿರಿ.

ಮತದಾನದ ದಿನ ಮತಗಟ್ಟೆಯಿಂದ 100 ಮೀಟರ್ ಒಳಗೆ ಪ್ರಚಾರ ಅಪರಾಧ. ನೀವು ಪ್ರಚಾರ ಮಾಡುವುದಿಲ್ಲವಾದರೂ ಆ ಗೆರೆಯ ಹೊರಗೇ ಇರಿ. ವೃದ್ಧರನ್ನು ಕರೆತರಲು ಅಭ್ಯರ್ಥಿಯ ಕಡೆಯ ವಾಹನ ಒಪ್ಪಬೇಡಿ, ಅದು ಭ್ರಷ್ಟಾಚರಣೆಯ ಪಟ್ಟಿಯಲ್ಲಿದೆ. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ 85 ದಾಟಿದವರಿಗೂ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ ಮನೆಯಿಂದಲೇ ಮತದಾನದ ಅವಕಾಶವಿದೆ, ಆದರೆ ಅಧಿಸೂಚನೆಯಾದ 5 ದಿನದೊಳಗೆ ನಮೂನೆ 12ಡಿ ಕೊಟ್ಟಿರಬೇಕು. 'ನನ್ನ ಮತ ಯಾರೋ ಹಾಕಿಬಿಟ್ಟಿದ್ದಾರೆ' ಎಂದು ಯಾರಾದರೂ ಬಂದರೆ ವಾಪಸ್ ಕಳಿಸಬೇಡಿ. ಗುರುತು ಸಾಬೀತಾದರೆ ಟೆಂಡರ್ ಮತಪತ್ರ ಕೇಳುವ ಹಕ್ಕು ಅವರಿಗಿದೆ. ಅದು ಯಂತ್ರದಲ್ಲಲ್ಲ, ಕಾಗದದಲ್ಲಿ; ಸಾಮಾನ್ಯ ಎಣಿಕೆಗೆ ಬರುವುದಿಲ್ಲ, ಆದರೆ ಕಳ್ಳ ಮತಕ್ಕೆ ದಾಖಲೆಯಾಗಿ ಉಳಿಯುತ್ತದೆ.

ಗುಂಪಿಗೆ ಸೇರುವ ಮುನ್ನ ಮೂರು ವಿಷಯ ಕೇಳಿ: ಹಣ ಎಲ್ಲಿಂದ, ಪದಾಧಿಕಾರಿಗಳು ಯಾವುದಾದರೂ ಪಕ್ಷದಲ್ಲಿದ್ದಾರೆಯೇ, ಜನರ ಮಾಹಿತಿ ಎಲ್ಲಿ ಇಡುತ್ತೀರಿ. ಮೂರನೆಯದಕ್ಕೆ 'ಇಡುವುದೇ ಇಲ್ಲ' ಎಂಬುದೊಂದೇ ಒಳ್ಳೆಯ ಉತ್ತರ. ಸೇರಿದ ಮೊದಲ ವಾರವೇ ನಿಮ್ಮ ಮತಗಟ್ಟೆಯ ಬಿಎಲ್‌ಒ ಯಾರೆಂದು ತಿಳಿದುಕೊಳ್ಳಿ. ಪೋರ್ಟಲಿನಲ್ಲಿ ಸಿಗುತ್ತದೆ, ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿದರೂ ಹೇಳುತ್ತಾರೆ. ಬಹುಪಾಲು ಬಿಎಲ್‌ಒಗಳು ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು. ತಮ್ಮ ಕೆಲಸದ ಮೇಲೆ ಇದನ್ನು ಹೊತ್ತವರು. ಅವರ ಮೇಲೆ ರೇಗುವ ಸ್ವಯಂಸೇವಕರಿಂದ ಯಾರಿಗೂ ಲಾಭವಿಲ್ಲ. ಅರ್ಜಿ ತಿರಸ್ಕೃತವಾದರೆ ಆದೇಶದ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹೋಗಬಹುದು.

ನಿಮಗೆ ಪದವಿ ಇದ್ದರೆ ಇನ್ನೊಂದು ಕೆಲಸವೂ ಇದೆ. ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಗಳ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಕಳೆದ ಸಲ ಮತ ಹಾಕಿದವರೂ ಮತ್ತೆ ನಮೂನೆ 18 ಅಥವಾ 19 ಕೊಡಬೇಕು. ಅರ್ಹತಾ ದಿನಾಂಕ ನವೆಂಬರ್ 1, ಪದವಿ ಮುಗಿದು ಅಷ್ಟರಲ್ಲಿ 3 ವರ್ಷ ಆಗಿರಬೇಕು. ಇದು ಗೊತ್ತಿಲ್ಲದೆ ಹೊರಗುಳಿಯುವವರಲ್ಲಿ ಕಾಲೇಜಿನ ಅಧ್ಯಾಪಕರೂ ಇದ್ದಾರೆ.