ನಾಣ್ಯಕ್ಕೆ ಊರಿಲ್ಲ, ಬೀಗದ ಕೈಗೆ ಉಂಟು

ಗಲ್ಫಿನಿಂದ ರಜೆಗೆ ಊರಿಗೆ ಹೊರಟ ನಮ್ಮ ಕರಾವಳಿಯವರು ದುಬೈನ ದೇರಾದಲ್ಲಿರುವ ಚಿನ್ನದ ಪೇಟೆಗೆ ಒಂದು ಸುತ್ತು ಹಾಕದೆ ವಿಮಾನ ಹತ್ತುವುದು ಕಡಿಮೆ. ಆ ಪೇಟೆ ಕೊಬ್ಬಿದ್ದರಲ್ಲಿ ನಮ್ಮ ದೇಶದ ಕಾನೂನಿಗೂ ಒಂದು ಪಾಲಿದೆ. 1968ರ ಚಿನ್ನ ನಿಯಂತ್ರಣ ಕಾಯ್ದೆ ಬಂದ ಮೇಲೆ ಇಲ್ಲಿ ಜನಸಾಮಾನ್ಯರು ಗಟ್ಟಿ ಚಿನ್ನ ಇಟ್ಟುಕೊಳ್ಳುವುದೇ ತಪ್ಪಾಯಿತು. ಅಲ್ಲಿ ಅದೇ ಗಟ್ಟಿಯನ್ನು ಕೊಂಡು ಹಡಗಿಗೆ ಹೇರುವುದು ರಾಜಾರೋಷದ ವ್ಯಾಪಾರ. ಕಾಯ್ದೆ 1990ರಲ್ಲಿ ರದ್ದಾಗುವ ಹೊತ್ತಿಗೆ ದುಬೈ ಚಿನ್ನದ ಊರೆಂದು ಹೆಸರಾಗಿತ್ತು.

2022ರಲ್ಲಿ ಇದೇ ನಾಟಕದ ಇನ್ನೊಂದು ಅಂಕ ಶುರುವಾಯಿತು. ಭಾರತ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳ, ಅಂದರೆ ಕ್ರಿಪ್ಟೊ ಲಾಭದ ಮೇಲೆ ಶೇ 30 ತೆರಿಗೆ ಹಾಕಿತು, ಅದಾದ ಕೆಲವೇ ತಿಂಗಳಿಗೆ ಪ್ರತಿ ವಹಿವಾಟಿನಿಂದ ಶೇ 1 ಮುರಿದುಕೊಳ್ಳಲು ಹೊರಟಿತು. ದುಬೈ ಆ ವರ್ಷ ಇಂಥ ವರ್ಚುವಲ್ ಆಸ್ತಿಗಳಿಗೆಂದೇ ಒಂದು ಕಾನೂನು ಮಾಡಿ, ಅದನ್ನು ನೋಡಿಕೊಳ್ಳಲು ‘ವಾರಾ’ ಎಂಬ ಪ್ರಾಧಿಕಾರವನ್ನು ಕೂರಿಸಿತು. ಅದರ ಅಧಿಕಾರ ಇಡೀ ದುಬೈ ಎಮಿರೇಟಿಗೆ, ಆದರೆ ನಗರದ ನಡುವಿರುವ ಅಂತರರಾಷ್ಟ್ರೀಯ ಹಣಕಾಸು ಕೇಂದ್ರಕ್ಕೆ ಮಾತ್ರ ಇಲ್ಲ. ಅಲ್ಲಿ ನಿಯಮ ನೋಡಿಕೊಳ್ಳುವವರೇ ಬೇರೆ. ರಸ್ತೆ ದಾಟಿದರೆ ಕಾನೂನು ಬದಲು!

ಇಲ್ಲೊಂದು ವಿಚಿತ್ರವಿದೆ. ಗಡಿ ಎಳೆಯುವುದೇನೋ ಸರಿ, ಗಡಿಯೊಳಗೆ ಇರುವುದಾದರೂ ಏನು? ಚಿನ್ನಕ್ಕೆ ತೂಕವಿದೆ, ಬಂದರಿನಲ್ಲಿ ಹಿಡಿಯಬಹುದು. ಬಿಟ್‌ಕಾಯಿನ್ ಫೋನಿನೊಳಗೆ ಇದೆ ಎಂದು ನಾವು ಅಂದುಕೊಳ್ಳುತ್ತೇವೆ. ಫೋನಿನೊಳಗೆ ಯಾವ ಕಾಯಿನ್ನೂ ಇಲ್ಲ. ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಲೆಕ್ಕದ ಪುಸ್ತಕದ ನಕಲುಗಳಿವೆ. ನಿಮ್ಮ ಹತ್ತಿರ ಇರುವುದು ಆ ಪುಸ್ತಕದ ಒಂದು ಸಾಲನ್ನು ಬದಲಿಸಲು ಬೇಕಾದ ಗುಟ್ಟಿನ ಸಂಖ್ಯೆ, ಅಂದರೆ ಬೀಗದ ಕೈ. 256 ಸಲ ಟಾಸ್ ಹಾಕಿ, ಹೆಡ್ಡು ಬಿದ್ದರೆ 1, ಟೇಲು ಬಿದ್ದರೆ 0 ಎಂದು ಬರೆಯುತ್ತ ಹೋಗಿ. ಬೀಗದ ಕೈ ಸಿದ್ಧ. ಹೀಗೆ ಹುಟ್ಟಬಹುದಾದ ಬೀಗದ ಕೈಗಳನ್ನು ಎಣಿಸಿದರೆ 78 ಅಂಕಿಗಳ ಸಂಖ್ಯೆ. ಊಹಿಸಿ ಕದಿಯುವ ಮಾತೇ ಇಲ್ಲ.

ಪುಸ್ತಕ ಎಲ್ಲೆಡೆ ಇದೆ, ಹಾಗಾಗಿ ಅದನ್ನು ಯಾವ ಸರ್ಕಾರವೂ ಜಪ್ತಿ ಮಾಡಲಾರದು. ಆದರೆ ಬೀಗದ ಕೈಯನ್ನು ತಾವೇ ಜೋಪಾನ ಮಾಡುವ ತಲೆನೋವು ಹೆಚ್ಚಿನವರಿಗೆ ಬೇಡ, ಈ ನಾಣ್ಯಗಳನ್ನು ಕೊಳ್ಳುವ, ಮಾರುವ ವೇದಿಕೆಯಾದ ಎಕ್ಸ್‌ಚೇಂಜಿಗೆ ಒಪ್ಪಿಸಿ ಸುಮ್ಮನಾಗುತ್ತಾರೆ. ಎಕ್ಸ್‌ಚೇಂಜಿಗೆ ಆಫೀಸುಂಟು, ನಿರ್ದೇಶಕರುಂಟು, ಬ್ಯಾಂಕ್ ಖಾತೆಯುಂಟು. ಕಾನೂನು ಹಿಡಿದುಕೊಳ್ಳುವ ಜುಟ್ಟು ಅದೇ.

ಆ ಜುಟ್ಟು ಎಷ್ಟು ಬಿಗಿ ಇರಬೇಕೆಂಬುದು ದುಬೈಗೆ ಬೇಗನೆ ಗೊತ್ತಾಯಿತು. ಅದು ಮೊದಮೊದಲು ಅನುಮತಿ ಕೊಟ್ಟವರಲ್ಲಿ ಎಫ್‌ಟಿಎಕ್ಸ್ ಎಂಬ ಎಕ್ಸ್‌ಚೇಂಜ್ ಕೂಡ ಒಂದು. ಗ್ರಾಹಕರ ಹಣವನ್ನು ಮಾಲೀಕನ ಇನ್ನೊಂದು ಕಂಪನಿಗೆ ಹರಿಸಿದ್ದ ಆ ಸಂಸ್ಥೆ 2022ರ ನವೆಂಬರ್‌ನಲ್ಲಿ ದಿವಾಳಿ ಎದ್ದಿತು. ದುಬೈ ಶಾಖೆ ಇನ್ನೂ ಗ್ರಾಹಕರನ್ನು ಸೇರಿಸಿಕೊಂಡಿರಲಿಲ್ಲ, ಊರು ಬಚಾವಾಯಿತು. ಮರುವರ್ಷ ಫೆಬ್ರುವರಿಯಲ್ಲಿ ಬಂದ ವಾರಾ ನಿಯಮಗಳಲ್ಲಿ ಈ ಏಟಿನ ಗುರುತು ಕಾಣುತ್ತದೆ ಎಂದೇ ನನ್ನ ಅನಿಸಿಕೆ: ಗ್ರಾಹಕರಿಗೆ ಕೊಡಬೇಕಾದಷ್ಟನ್ನೂ ಪೂರ್ತಿಯಾಗಿ ಕೈಯಲ್ಲಿ ಇಟ್ಟಿರಬೇಕು, ಬೀಗದ ಕೈ ಕಾಯುವ ಕಂಪನಿ ಬೇರೆ, ವ್ಯಾಪಾರ ಮಾಡುವ ಕಂಪನಿ ಬೇರೆ. ಯಾರು ಯಾರಿಗೆ ಕಳಿಸಿದರೆಂದು ತಿಳಿಯಗೊಡದ ಗುಟ್ಟಿನ ನಾಣ್ಯಗಳಿಗೂ ಆಗಲೇ ನಿಷೇಧ ಬಿತ್ತು.

ಇಷ್ಟೆಲ್ಲ ಬರೆದಿಟ್ಟರೂ ಬೀಗದ ಕೈ ಹಿಡಿದವನ ಕಣ್ಣನ್ನು ಕಟ್ಟಬಹುದು. 2025ರ ಫೆಬ್ರುವರಿ 21ರಂದು, ದುಬೈನಲ್ಲೇ ಪ್ರಧಾನ ಕಚೇರಿ ಇರುವ ಬೈಬಿಟ್ ಎಕ್ಸ್‌ಚೇಂಜಿನಿಂದ ಸುಮಾರು 4 ಲಕ್ಷ ಈಥರ್ (ಬಿಟ್‌ಕಾಯಿನ್‌ನಂಥ ಇನ್ನೊಂದು ನಾಣ್ಯ), ಅಂದರೆ ಹತ್ತಿರಹತ್ತಿರ 150 ಕೋಟಿ ಡಾಲರ್, ಹೋಯಿತು. ಕದ್ದವರು ಉತ್ತರ ಕೊರಿಯಾದವರೆಂದು ಅಮೆರಿಕದ ಎಫ್‌ಬಿಐ ಹೇಳಿತು. ಗುಟ್ಟಿನ ಸಂಖ್ಯೆಯನ್ನು ಯಾರೂ ಒಡೆದಿರಲಿಲ್ಲ. ಆ ತಿಜೋರಿ ತೆರೆಯಲು ಒಬ್ಬರ ಸಹಿ ಸಾಲದು, ಹಲವರದು ಬೇಕು. ಎಲ್ಲರೂ ತಾವಾಗಿಯೇ ಹಾಕಿದರು. ಕಳ್ಳರು ಕೈ ಹಾಕಿದ್ದು ಸಹಿಗೆ ಬಳಸುವ ಪರದೆಗೆ. ಅದರಲ್ಲಿ ದಿನನಿತ್ಯದ ವರ್ಗಾವಣೆ ಕಾಣುತ್ತಿತ್ತು; ಒಳಗಿನ ಸಂಕೇತಗಳು ತಿಜೋರಿಯ ಬೀಗವನ್ನೇ ಬದಲಿಸುವ ಅಪ್ಪಣೆಯಾಗಿದ್ದವು. ಸಹಿ ಮಾಡುವ ಪುಟ್ಟ ಸಾಧನದಲ್ಲಿ ಮೂಡುವ ಅಕ್ಷರ-ಅಂಕಿಗಳ ಸರಮಾಲೆಯನ್ನು ಮನುಷ್ಯರು ಓದಿ ಅರ್ಥಮಾಡಿಕೊಳ್ಳುವುದು ಕಷ್ಟ. ಓದಿ ಹೇಳಿದ ಪತ್ರ ಒಂದು, ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರ ಇನ್ನೊಂದು. ಸಾಲಪತ್ರದ ಈ ಹಳೇ ಮೋಸ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ.

ಲೈಸೆನ್ಸು ಕೊಡುವವರು ಬಂಡವಾಳ ಎಷ್ಟಿದೆ ಎಂದು ಕೇಳಿದಷ್ಟೇ ಗಟ್ಟಿಯಾಗಿ ಸಹಿ ಹೇಗೆ ಮಾಡುತ್ತೀರಿ ಎಂದೂ ಕೇಳಬೇಕಾದದ್ದು ಇದಕ್ಕೇ.

ಇನ್ನು ಪೇಟೆ ಬೆಳೆಸುವ ಮಾತು. ಊರಿಲ್ಲದ ನಾಣ್ಯದಿಂದ ಶುರುವಾದ ದುಬೈ ಈಗ ಬಂದು ನಿಂತಿರುವುದು ಎಲ್ಲಿಗೂ ಕದಲದ ಆಸ್ತಿಯ ಮುಂದೆ. 2025ರ ಮೇ ತಿಂಗಳಲ್ಲಿ ಅಲ್ಲಿಯ ಭೂ ಇಲಾಖೆ ಮನೆಗಳ ಒಡೆತನವನ್ನು ಚೂರು ಮಾಡಿ ಟೋಕನ್‌ಗಳಾಗಿ, ಅಂದರೆ ಡಿಜಿಟಲ್ ಪಾಲುಚೀಟಿಗಳಾಗಿ ಮಾರುವ ಪ್ರಯೋಗ ಶುರುಮಾಡಿತು. ಆಗ 2,000 ದಿರ್ಹಮ್ ಇದ್ದರೆ ಅಪಾರ್ಟ್‌ಮೆಂಟಿನಲ್ಲಿ ಒಂದು ಚೂರು ನಿಮ್ಮದಾಗುತ್ತಿತ್ತು. ಪಾಲಿನ ಲೆಕ್ಕ ಬ್ಲಾಕ್‌ಚೈನ್ ಮೇಲೆ, ಅಂದರೆ ಹಲವು ಕಂಪ್ಯೂಟರುಗಳಲ್ಲಿ ನಕಲುಗಳಿರುವ ಅಂಥದೇ ಲೆಕ್ಕದ ಪುಸ್ತಕದಲ್ಲಿ. ಕೊಳ್ಳುವುದಕ್ಕೆ ಮಾತ್ರ ಆ ಪ್ರಯೋಗದ ಹಂತದಲ್ಲಿ ಕ್ರಿಪ್ಟೊ ನಡೆಯುತ್ತಿರಲಿಲ್ಲ: ಅಲ್ಲಿಯ ನಿವಾಸಿಗಳ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ತೋರಿಸಿ ದಿರ್ಹಮ್ ಕಟ್ಟಬೇಕಿತ್ತು.