ಹೊಂದಿಸಿ ಬರೆಯಿರಿ: ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್‌ಗಳು

ಇಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಾಟ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ. ಕ್ವಿಜ್‌ಗೆ ಓದುವಾಗ ನಮ್ಮಲ್ಲಿ ಹೆಚ್ಚಿನವರು ಎರಡು ಪಟ್ಟಿ ಮಾಡಿಕೊಳ್ಳುತ್ತಾರೆ. ಎಡಗಡೆ ಹೆಡ್ ಕೋಚ್, ಬಲಗಡೆ ಯೂನಿವರ್ಸಿಟಿ. ಆಮೇಲೆ ಬಾಯಿಪಾಠ. ಇಷ್ಟೇ ಸಾಲದು, ಯಾಕೆಂದರೆ ಕೋಚ್‌ಗಳು ಊರು ಬದಲಿಸುತ್ತಲೇ ಇರುತ್ತಾರೆ. ನಿಕ್ ಸೇಬನ್ ಅಂದ ಕೂಡಲೇ ಅಲಬಾಮಾ ನೆನಪಾಗುತ್ತದೆ, ಅಲ್ವಾ? ಆದರೆ ಅವರು ಟೊಲೆಡೊ, ಮಿಷಿಗನ್ ಸ್ಟೇಟ್, ಲೂಸಿಯಾನ ಸ್ಟೇಟ್ ಟೀಮುಗಳಿಗೂ ಹೆಡ್ ಕೋಚ್ ಆಗಿದ್ದವರು. ಅವರ ಏಳು ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳಲ್ಲಿ ಮೊದಲನೆಯದು, ಅಂದರೆ 2003ರದ್ದು, ಬಂದಿದ್ದು ಲೂಸಿಯಾನ ಸ್ಟೇಟ್‌ಗೆ. ಉಳಿದ ಆರು ಅಲಬಾಮಾದ್ದು. ಹಾಗಾಗಿ ಪಟ್ಟಿಗೆ ಇಸವಿಯ ಮೂರನೇ ಸಾಲೊಂದನ್ನು ಸೇರಿಸಿಕೊಳ್ಳಿ.

ಇಸವಿಗಿಂತಲೂ ಗಟ್ಟಿಯಾಗಿ ನೆನಪಿನಲ್ಲಿ ಉಳಿಯುವುದು ಯಾರು ಯಾರ ಕೈಕೆಳಗೆ ಬೆಳೆದರು ಅನ್ನುವುದು. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಒಹಾಯೊ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನ ಮಯಾಮಿ ಯೂನಿವರ್ಸಿಟಿ. ಫ್ಲಾರಿಡಾದ ಮಯಾಮಿಯೇ ಬೇರೆ, ಇದೇ ಬೇರೆ. ಆಯ್ಕೆಗಳಲ್ಲಿ ಬರೀ 'ಮಯಾಮಿ' ಅಂತ ಇದ್ದರೆ ಮೊದಲು ರಾಜ್ಯ ಯಾವುದು ಅಂತ ನೋಡಿ.

ವುಡಿ ಹೇಸ್ ಇಲ್ಲಿ 1949 ಮತ್ತು 1950ರಲ್ಲಿ ಕೋಚ್ ಆಗಿದ್ದರು. ಆಗ ಅವರ ಟೀಮಿನಲ್ಲಿ ಆಡುತ್ತಿದ್ದ ಹುಡುಗ ಬೋ ಶೆಂಬೆಕ್ಲರ್. 1951ರಲ್ಲಿ ಹೇಸ್ ಅದೇ ರಾಜ್ಯದ ಒಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಹೋದರು. ಅವರ ಜಾಗಕ್ಕೆ ಬಂದವರು ಆರಾ ಪಾರ್ಸೀಗಿಯನ್. ಇವರು ಮುಂದೆ ನಾರ್ತ್‌ವೆಸ್ಟರ್ನ್ ದಾಟಿ ನೋಟರ್ ಡೇಮ್‌ಗೆ ಹೋಗಿ 1966 ಮತ್ತು 1973ರ ಚಾಂಪಿಯನ್‌ಶಿಪ್ ತಂದುಕೊಟ್ಟರು. ಶೆಂಬೆಕ್ಲರ್ ಒಹಾಯೊ ಸ್ಟೇಟ್‌ನಲ್ಲಿ ಹೇಸ್ ಅವರಿಗೇ ಅಸಿಸ್ಟೆಂಟ್ ಆಗಿದ್ದು, 1963ರಲ್ಲಿ ಮಯಾಮಿಗೆ ಹೆಡ್ ಕೋಚ್ ಆಗಿ ವಾಪಸ್ ಬಂದರು. 1969ರಲ್ಲಿ ಅಲ್ಲಿಂದ ಮಿಷಿಗನ್‌ಗೆ ಹೋದರು.

ಮಿಷಿಗನ್ ಅಂದರೆ ಒಹಾಯೊ ಸ್ಟೇಟ್‌ನ ಬದ್ಧ ವೈರಿ. ಹೇಸ್ ಆ ಹೆಸರನ್ನೂ ಹೇಳದೆ 'ಉತ್ತರದ ಆ ಟೀಮು' ಅನ್ನುತ್ತಿದ್ದರು. ಶಿಷ್ಯ ಹೋಗಿದ್ದು ಆ ಟೀಮಿಗೇ! ಮೊದಲ ವರ್ಷವೇ ಶೆಂಬೆಕ್ಲರ್ ತಮ್ಮ ಗುರುವಿನ ನಂಬರ್ ಒನ್ ಟೀಮನ್ನು 24-12ರಿಂದ ಸೋಲಿಸಿದರು. ಸತತ 22 ಪಂದ್ಯ ಗೆದ್ದು ಬಂದಿದ್ದ ಟೀಮು ಅದು. ಅಲ್ಲಿಂದ 1978ರ ತನಕದ ಹತ್ತು ಪಂದ್ಯಗಳನ್ನು 'ಹತ್ತು ವರ್ಷದ ಯುದ್ಧ' ಅಂತಲೇ ಕರೆಯುತ್ತಾರೆ. ಐದರಲ್ಲಿ ಶಿಷ್ಯ ಗೆದ್ದರು, ನಾಲ್ಕರಲ್ಲಿ ಗುರು, ಒಂದು ಸಮ. ಈ ಕಥೆಯೊಂದು ಗೊತ್ತಿದ್ದರೆ ಮೂವರು ಕೋಚ್‌ಗಳು ತಾವಾಗಿಯೇ ಸರಿಯಾದ ಜಾಗದಲ್ಲಿ ಕೂರುತ್ತಾರೆ.

ಜೋಡಿ ಹಾಕಿ ಓದಬಹುದಾದ ಇನ್ನಿಬ್ಬರು ಟಾಮ್ ಆಸ್‌ಬರ್ನ್ ಮತ್ತು ಬ್ಯಾರಿ ಸ್ವಿಟ್ಜರ್. ಇಬ್ಬರೂ ಹೆಡ್ ಕೋಚ್ ಆಗಿದ್ದು 1973ರಲ್ಲಿ, ಆಸ್‌ಬರ್ನ್ ನೆಬ್ರಾಸ್ಕಾಗೆ, ಸ್ವಿಟ್ಜರ್ ಒಕ್ಲಹೋಮಾಗೆ. ಈ ಎರಡೂ ಎದುರಾಳಿ ಟೀಮುಗಳು. ಮೊದಲ ಐದು ವರ್ಷವೂ ಸೋತ ಆಸ್‌ಬರ್ನ್ 1978ರಲ್ಲಿ 17-14ರಿಂದ ಗೆದ್ದರು. ಆಮೇಲೆ 1994, 1995, 1997ರಲ್ಲಿ ಚಾಂಪಿಯನ್‌ಶಿಪ್.

ಜೋ ಪಟರ್ನೋ ಸುಲಭ: 1966ರಿಂದ 2011ರವರೆಗೆ ಪೆನ್ ಸ್ಟೇಟ್, ಬೇರೆ ಎಲ್ಲೂ ಇಲ್ಲ. ಗ್ರ್ಯಾಂಬ್ಲಿಂಗ್ ಸ್ಟೇಟ್‌ನ ಎಡ್ಡಿ ರಾಬಿನ್ಸನ್ ಕೂಡ ಹಾಗೆಯೇ, 1941ರಿಂದ 1997ರವರೆಗೆ ಒಂದೇ ಕಡೆ, 408 ಗೆಲುವು. ಇವರ ಹೆಸರು ಎಷ್ಟೋ ಪಟ್ಟಿಗಳಲ್ಲಿ ಕಾಣುವುದೇ ಇಲ್ಲ. ನೀವು ಮಾತ್ರ ಬಿಡಬೇಡಿ.

ಹೊಸಬರಲ್ಲಿ ಎಡವುವುದು ಅಲಬಾಮಾದ ಸುತ್ತಲೇ. ಕರ್ಬಿ ಸ್ಮಾರ್ಟ್ ಅಲ್ಲಿ ಸೇಬನ್‌ಗೆ ಅಸಿಸ್ಟೆಂಟ್ ಆಗಿದ್ದವರು, ಆದರೆ ಹೆಡ್ ಕೋಚ್ ಆಗಿದ್ದು ತಾವು ಓದಿ ಆಡಿದ ಜಾರ್ಜಿಯಾಗೆ. 2021, 2022 ಎರಡೂ ವರ್ಷ ಚಾಂಪಿಯನ್. ಡಾಬೊ ಸ್ವಿನ್ನಿ ಅಲಬಾಮಾದಲ್ಲಿ ಆಡಿದವರು, ಗೆಲ್ಲಿಸಿದ್ದು ಕ್ಲೆಮ್ಸನ್‌ನ್ನು, 2016 ಮತ್ತು 2018ರಲ್ಲಿ. ಸೇಬನ್ ನಿವೃತ್ತರಾದ ಮೇಲೆ 2024ರಲ್ಲಿ ಅಲಬಾಮಾಗೆ ಬಂದ ಕೇಲನ್ ಡಿಬೋರ್ ಅದಕ್ಕೂ ಮೊದಲು ವಾಷಿಂಗ್ಟನ್‌ನಲ್ಲಿದ್ದರು.

ಹಳಬರಲ್ಲಿ ಬೇರ್ ಬ್ರಯಂಟ್ ಬಗ್ಗೆ ಹುಷಾರಾಗಿರಿ. ಅವರ ದಾರಿ ಮೇರಿಲ್ಯಾಂಡ್, ಕೆಂಟಕಿ, ಟೆಕ್ಸಸ್ ಎ ಆ್ಯಂಡ್ ಎಂ, ಕೊನೆಗೆ 1958ರಿಂದ 1982ರವರೆಗೆ ಅಲಬಾಮಾ. ಪ್ರಶ್ನೆಯಲ್ಲಿ 1950 ಅಂತ ಇದ್ದರೆ ಉತ್ತರ ಕೆಂಟಕಿ. 1961 ಅಂತ ಇದ್ದರೆ ಅಲಬಾಮಾ.