ಚಿಂತಕರ ಚಾವಡಿಯ ಕೆಲಸ ಏನು? ಬೇಡ್ತಿ ಕಣಿವೆಯಿಂದ ನೋಡೋಣ

ಕೆಎಎಸ್‌ಗೆ ಓದುತ್ತಿರುವ ಗೆಳೆಯರಿಗೆ ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಪತ್ರಿಕೆಗಳು ವಿಧಾನ ಪರಿಷತ್ತನ್ನೂ ‘ಚಿಂತಕರ ಚಾವಡಿ’ ಅನ್ನುತ್ತವೆ, ಥಿಂಕ್ ಟ್ಯಾಂಕ್‌ಗೂ ಅದೇ ಹೆಸರು. ಪರಿಷತ್ತಿಗೆ ಕಾನೂನು ಮಾಡುವುದರಲ್ಲಿ ಪಾಲಿದೆ. ಥಿಂಕ್ ಟ್ಯಾಂಕ್‌ಗೆ ಅಂಥ ಅಧಿಕಾರ ಇಲ್ಲ. ಅದು ಅಧ್ಯಯನ ಮಾಡಿ, ಸರ್ಕಾರದ ಮುಂದೆ ಯಾವ್ಯಾವ ದಾರಿಗಳಿವೆ, ಒಂದೊಂದಕ್ಕೂ ಏನು ಬೆಲೆ ತೆರಬೇಕು ಅಂತ ತೋರಿಸುತ್ತದೆ.

ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ) ನಮ್ಮ ರಾಜ್ಯದ ಒಳ್ಳೆಯ ಉದಾಹರಣೆ. 2015ರಲ್ಲಿ ಬಂದ ನೀತಿ ಆಯೋಗ ಸರ್ಕಾರದ್ದೇ ಚಾವಡಿ.

ಆದರೆ ಈ ಕೆಲಸ ನನಗೆ ನಿಜವಾಗಿ ಅರ್ಥವಾದದ್ದು ನಮ್ಮ ಶಿರಸಿಯ ಕತೆಯಿಂದ. ಉತ್ತರ ಕನ್ನಡದ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯುವ ಯೋಜನೆ ಬಂದಾಗ, 1981ರಲ್ಲಿ ಇಲ್ಲಿನ ಅಡಿಕೆ ಬೆಳೆಗಾರರು ವಿಜ್ಞಾನಿಗಳನ್ನು ಶಿರಸಿಗೇ ಕರೆಸಿ ವಿಚಾರ ಸಂಕಿರಣ ಮಾಡಿದರು. ಯೋಜನೆಯ ಲಾಭ-ನಷ್ಟವನ್ನು ಮತ್ತೆ ತೂಗಿ ನೋಡಲಾಯಿತು. ಜನರ ಹೋರಾಟವೂ ಜೊತೆಗಿತ್ತು. ಯೋಜನೆ ನಿಂತಿತು.

ಮತ್ತೆ ತೂಗುವುದು ಯಾಕೆ ಬೇಕು? ನಮ್ಮ ಕಡೆಯ ಸೊಪ್ಪಿನ ಬೆಟ್ಟವನ್ನೇ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಕಾಡನ್ನೇ ನೋಡಿ. ಅಲ್ಲಿಂದ ಸೊಪ್ಪು, ದರಕು (ಒಣಗಿದ ಎಲೆ) ತಂದು ಕೊಟ್ಟಿಗೆಗೆ ಹಾಸುತ್ತೇವೆ. ಅದು ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತದೆ. ಇದಕ್ಕೆ ಅಂಗಡಿ ಬಿಲ್ ಇಲ್ಲ. ಬಿಲ್ ಇಲ್ಲದ್ದನ್ನು ಯೋಜನೆಯ ಲೆಕ್ಕದಲ್ಲಿ ಸುಮ್ನೆ ಸೊನ್ನೆ ಅಂತ ಬರೆದುಬಿಡುವುದು ಸುಲಭ. ಆದರೆ ಅಣೆಕಟ್ಟಿನ ನೀರಲ್ಲಿ ಬೆಟ್ಟ ಮುಳುಗಿದರೆ, ಮುಳುಗದೆ ಉಳಿದ ತೋಟವೂ ಸೊರಗುತ್ತದೆ, ಅಲ್ವಾ? ಆ ಸೊನ್ನೆಯ ಜಾಗದಲ್ಲಿ ಸರಿಯಾದ ಅಂಕಿ ಬರೆಯುವುದೇ ಒಳ್ಳೆಯ ನೀತಿ ಅಧ್ಯಯನದ ಅತಿ ದೊಡ್ಡ ಉಪಕಾರ ಅಂತ ನನ್ನ ನಂಬಿಕೆ.

ಪರೀಕ್ಷೆಯಲ್ಲಿ ಜಾಸ್ತಿ ತಪ್ಪುವ ಜಾಗ ಇನ್ನೊಂದಿದೆ. ಪಶ್ಚಿಮ ಘಟ್ಟದ ಬಗ್ಗೆ 2011ರಲ್ಲಿ ವರದಿ ಕೊಟ್ಟ ಗಾಡ್ಗೀಳ್ ಸಮಿತಿ, 2013ರ ಕಸ್ತೂರಿರಂಗನ್ ಸಮಿತಿ, ಇವೆರಡೂ ಥಿಂಕ್ ಟ್ಯಾಂಕ್ ಅಲ್ಲ. ಸರ್ಕಾರ ಒಂದು ಪ್ರಶ್ನೆ ಕೊಟ್ಟು ಸಮಿತಿ ನೇಮಿಸುತ್ತದೆ, ವರದಿ ಕೊಟ್ಟ ಮೇಲೆ ಅದರ ಕೆಲಸ ಮುಗಿಯಿತು. ಸ್ವತಂತ್ರ ಥಿಂಕ್ ಟ್ಯಾಂಕ್ ತನ್ನ ಪ್ರಶ್ನೆಯನ್ನು ತಾನೇ ಆರಿಸಿಕೊಳ್ಳಬಹುದು, ಅದೇ ವಿಷಯದ ಮೇಲೆ ವರ್ಷಗಟ್ಟಲೆ ಕೂರಬಹುದು.

ಹಾಗೆ ಕೂರಲು ದುಡ್ಡು ಬೇಕು. ಸರ್ಕಾರದ ಅನುದಾನವೋ, ಕಂಪನಿಯ ದೇಣಿಗೆಯೋ, ವಿದೇಶಿ ನೆರವೋ? ದುಡ್ಡು ಕೊಟ್ಟವರಿಗೆ ಬೇಕಾದ ಉತ್ತರವೇ ಬಂದಿದೆ ಅಂತ ತಕ್ಷಣ ಅನುಮಾನಿಸಬೇಕಿಲ್ಲ. ಆದರೂ ಯಾವ ವರದಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ದುಡ್ಡು ಕೊಟ್ಟವರು ಯಾರು ಅಂತ ಹೇಳುವ ಪುಟವನ್ನೇ.